ಘಾಟಿ ಇಳಿಯುವಾಗ ಕಣ್ಣು ತೆರೆದಿರಲಿ



ಹರಿಹರದಿಂದ ಓದುಗರೊಬ್ಬರು ಬರೆದ ಪತ್ರ ನನ್ನ ಮುಂದಿದೆ. ಅವರ ಮನೆಯಲ್ಲಿ ಈ ವರ್ಷ ಕಾರು ಕೊಂಡಿದ್ದಾರಂತೆ. ಮಕ್ಕಳಿಗೆ ರಜ ಬಂದಾಗ ಎಲ್ಲಿಗಾದರೂ ಹೋಗೋಣ ಅಂದರೆ ಯಜಮಾನರು ಒಂದೋ ಧರ್ಮಸ್ಥಳ ಅನ್ನುತ್ತಾರೆ, ಇಲ್ಲವೇ ಮೈಸೂರು. "ಹೋಗುವ ದಾರಿಯೇ ಚೆಂದ ಇರುವ ಹಾಗೆ ಒಂದು ಪ್ರವಾಸ ಹಾಕಿಕೊಳ್ಳುವುದು ಹೇಗೆ, ದಯವಿಟ್ಟು ತಿಳಿಸಿ" ಎಂದು ಕೇಳಿದ್ದಾರೆ.

ಪತ್ರ ಓದಿ ನನಗೆ ನಗು ಬಂತು, ಸಂಕಟವೂ ಆಯಿತು. ನಮ್ಮಲ್ಲಿ ಪ್ರವಾಸ ಅಂದರೆ ಮೊದಲು ಊರು ಗೊತ್ತಾಗುತ್ತದೆ. ದಾರಿ ಅನ್ನುವುದು ಆದಷ್ಟು ಬೇಗ ಮುಗಿಸಬೇಕಾದ ಒಂದು ಪೀಡೆ. ನಮ್ಮ ಮನೆಯವರಂತೂ ಭದ್ರಾವತಿಯಿಂದ ಉಡುಪಿಗೆ ಎಷ್ಟು ಗಂಟೆಯಲ್ಲಿ ಮುಟ್ಟಿಸಿದೆ ಅಂತ ವರ್ಷಗಟ್ಟಲೆ ಹೇಳಿಕೊಂಡು ತಿರುಗುವವರು. ಆ ಹೊತ್ತಿನಲ್ಲಿ ಹಿಂದಿನ ಸೀಟಿನಲ್ಲಿ ಕೂತವಳು ಏನು ಕಂಡಳು? ಕಾಲ ಸಂದಿಯಲ್ಲಿ ಬುತ್ತಿಯ ಚೀಲ, ತೊಡೆ ಮೇಲೆ ಮಗು, ಕೈಯಲ್ಲಿ ವಾಂತಿಗೆಂದು ಇಟ್ಟುಕೊಂಡ ಕವರು. ಅಷ್ಟೇ.

ನನಗೆ ಈ ವಿಷಯ ತಲೆಗೆ ಹತ್ತಿದ್ದು ನಮ್ಮ ಅತ್ತೆಯಿಂದ. ಅವರ ತೌರುಮನೆ ಹೆಬ್ರಿಯ ಹತ್ತಿರ. 1969ರಲ್ಲಿ ಮದುವೆಯಾಗಿ ಭದ್ರಾವತಿಗೆ ಬಂದರು. ಬಾಣಂತನಕ್ಕೆ, ಮದುವೆ ಮುಂಜಿಗೆ, ಸಾವು ನೋವಿಗೆ ಅಂತ ಆಗುಂಬೆ ಘಾಟಿಯನ್ನು ಎಷ್ಟು ಸಲ ಹತ್ತಿ ಇಳಿದರೋ ಲೆಕ್ಕವಿಲ್ಲ. ಒಂದು ದಿನ ಮಾತಿಗೆ ಮಾತು ಬಂದು, "ಅತ್ತೆ, ಆ ಘಾಟಿ ಆಗ ಹೇಗಿತ್ತು?" ಅಂತ ಕೇಳಿದೆ. ಅವರು ಹುರುಳಿಕಾಯಿ ಮುರಿಯುತ್ತಿದ್ದವರು ತಲೆ ಎತ್ತದೆ, "ಘಾಟಿ ಅಂದ್ರೆ ನಂಗೆ ಮುಖದ ಮೇಲೆ ಸೆರಗು, ಮೂಗಿಗೆ ನಿಂಬೆಹಣ್ಣು. ಅಲ್ಲಿ ಬೇರೆ ಎಂತ ಇತ್ತೋ ನಂಗೊತ್ತಿಲ್ಲ ಮಾರಾಯ್ತಿ" ಅಂದುಬಿಟ್ಟರು.

ಐವತ್ತು ವರ್ಷಕ್ಕೂ ಮಿಕ್ಕಿ ಓಡಾಡಿದ ದಾರಿ! ನೋಡಲು ದೇಶದೇಶದಿಂದ ಜನ ಬರುವ ದಾರಿ! ಹೊಟ್ಟೆ ತೊಳಸುತ್ತದೆಂದು ಕಣ್ಣು ಮುಚ್ಚಿಯೇ ಅವರು ತೌರಿಗೆ ಹೋಗಿ ಬಂದಿದ್ದರು. ಅವತ್ತೇ ನಿಶ್ಚಯ ಮಾಡಿದೆ, ಒಂದು ಸಲ ಅವರಿಗೆ ಈ ದಾರಿ ತೋರಿಸಬೇಕು, ಮತ್ತು ಈ ಸಲದ ದಾರಿ ನಾನೇ ಗೊತ್ತು ಮಾಡಬೇಕು ಅಂತ. 2023ರ ನವೆಂಬರಿನಲ್ಲಿ ಹೊರಟೆವು. ಆಗ ಕಲಿತದ್ದನ್ನೇ ಹರಿಹರದ ಸೋದರಿಗೆ ಹೇಳುತ್ತಿದ್ದೇನೆ. ನಿಮಗೂ ಉಪಯೋಗವಾದೀತು.

ಮೊದಲು ದಾರಿ ಹುಡುಕುವ ಬಗೆ. ಒಂದು ಕಾಗದದ ರಸ್ತೆ ನಕಾಶೆ ಸಿಕ್ಕರೆ ತುಂಬಾ ಒಳ್ಳೆಯದು, ಊಟದ ಮೇಜಿನ ಮೇಲೆ ಹರಡಬಹುದು. ಇಲ್ಲದಿದ್ದರೆ ಫೋನಿನ ಮ್ಯಾಪೇ ಸಾಕು. ಆದರೆ ಅದಕ್ಕೆ "ಇಲ್ಲಿಂದ ಅಲ್ಲಿಗೆ" ಅಂತ ಕೇಳಬೇಡಿ. ಕೇಳಿದರೆ ಅದು ಬೇಗ ಮುಟ್ಟುವ ದಾರಿ ತೋರಿಸುತ್ತದೆ, ನಮ್ಮ ಮನೆಯವರ ಹಾಗೆ. ಸುಮ್ಮನೆ ನಕಾಶೆ ನೋಡುತ್ತಾ ಕೂತುಕೊಳ್ಳಿ. ರಂಗೋಲಿಯ ಎಳೆಯ ಹಾಗೆ ಸುತ್ತಿ ಸುತ್ತಿ ಹೋಗುವ ಗೆರೆ ಇದ್ದರೆ ಅದು ಘಾಟಿ. ನೀಲಿ ಗೆರೆಯ ಪಕ್ಕದಲ್ಲೇ ಬಹಳ ದೂರ ಹೋಗುವ ರಸ್ತೆ ಇದ್ದರೆ ಹೊಳೆ ನಿಮ್ಮ ಜೊತೆಗೇ ಬರುತ್ತದೆ ಎಂದರ್ಥ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆ ಅಂಥದು, ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ ಹೀಗೆ ತುಂಗೆ ಮರೆಯಾಗುವುದು, ಮತ್ತೆ ಕಾಣುವುದು. ಇನ್ನು ಎರಡು ನೀಲಿಗಳ ನಡುವೆ ದಾರದ ಹಾಗೆ ಸಿಕ್ಕಿಕೊಂಡ ರಸ್ತೆ ಕಂಡರೆ ಬಿಡಲೇಬೇಡಿ. ಕುಂದಾಪುರದಿಂದ ಉತ್ತರಕ್ಕೆ ಸುಮಾರು 18 ಕಿಲೋಮೀಟರಿನಲ್ಲಿ ಮರವಂತೆ ಇದೆಯಲ್ಲ, ಅದು ಹಾಗೇ. ಒಂದು ಪಕ್ಕ ಅರಬ್ಬಿ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ಹೊಳೆ, ನಡುವೆ 66ನೇ ರಾಷ್ಟ್ರೀಯ ಹೆದ್ದಾರಿ.

ಮಲೆನಾಡಿನಿಂದ ಕರಾವಳಿಗೆ ಇಳಿಯಲು ನಮಗೆ ಒಂದಲ್ಲ ಎರಡಲ್ಲ, ಹತ್ತಾರು ಘಾಟಿಗಳಿವೆ. ಶಿರಸಿಯಿಂದ ಕುಮಟೆಗೆ ದೇವಿಮನೆ, ಯಲ್ಲಾಪುರದಿಂದ ಅಂಕೋಲೆಗೆ ಅರಬೈಲು, ಜೋಗದ ಕಡೆಯಿಂದ ಹೊನ್ನಾವರಕ್ಕೆ ಗೇರುಸೊಪ್ಪೆ, ಹೊಸನಗರದಿಂದ ಕುಂದಾಪುರಕ್ಕೆ ಹುಲಿಕಲ್ಲು, ಮೂಡಿಗೆರೆ ಕಡೆಯಿಂದ ಉಜಿರೆಗೆ ಚಾರ್ಮಾಡಿ, ಸಕಲೇಶಪುರದಿಂದ ಶಿರಾಡಿ, ಮಡಿಕೇರಿಯಿಂದ ಸುಳ್ಯಕ್ಕೆ ಸಂಪಾಜೆ. ಎಲ್ಲವೂ ಒಂದೇ ಅಂದುಕೊಳ್ಳಬೇಡಿ. ಶಿರಾಡಿಯಲ್ಲಿ ಬೆಂಗಳೂರು–ಮಂಗಳೂರು ಲಾರಿಗಳ ಹಿಂದೆ ಹೊಗೆ ಕುಡಿಯುತ್ತಾ ಹೋಗಬೇಕು, ಕಾಡು ನೋಡುವ ಮನಸ್ಸಾಗುವುದಿಲ್ಲ. ಚಾರ್ಮಾಡಿಯಲ್ಲಿ ಕಣಿವೆ ವಿಶಾಲವಾಗಿ ತೆರೆದುಕೊಳ್ಳುತ್ತದೆ. ಹತ್ತಿ ಬಂದವರಿಗೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ಬೇರೆ ಕಾದಿರುತ್ತದೆ. ಆಗುಂಬೆಯದು ಚಿಕ್ಕ ಘಾಟಿ, ಆದರೆ ಕಡಿದು, 14 ತಿರುವು. ಭಾರಿ ವಾಹನಗಳಿಗೆ ನಿರ್ಬಂಧ ಇರುವುದರಿಂದ ಲಾರಿಗಳ ಕಾಟವಿಲ್ಲ. ಎರಡೂ ಕಡೆ ಸೋಮೇಶ್ವರ ಅಭಯಾರಣ್ಯದ ಕಾಡು.

ಕಾಲ ನೋಡದೆ ದಾರಿ ಗೊತ್ತು ಮಾಡಬಾರದು. ಅದೇ ಘಾಟಿ ಜುಲೈನಲ್ಲಿ ಒಂದು, ನವೆಂಬರಿನಲ್ಲಿ ಇನ್ನೊಂದು, ಏಪ್ರಿಲ್‌ನಲ್ಲಿ ಮತ್ತೊಂದು. ಮಳೆಗಾಲದಲ್ಲಿ ಝರಿಗಳು ರಸ್ತೆಗೇ ಧುಮುಕುತ್ತವೆ, ನಿಜ. ಆದರೆ ಮಂಜು ಕವಿದರೆ ನಾಲ್ಕು ಮಾರು ದೂರ ಕಾಣುವುದಿಲ್ಲ, ಮೇಲಿಂದ ಗುಡ್ಡವೇ ಇಳಿದು ಬಂದರೂ ಬಂತು. 2018ರ ಆಗಸ್ಟಿನಲ್ಲಿ ಶಿರಾಡಿ, 2019ರ ಆಗಸ್ಟಿನಲ್ಲಿ ಚಾರ್ಮಾಡಿ ಮಣ್ಣು ಕುಸಿದು ಮುಚ್ಚಿದ್ದು ನಿಮಗೆ ನೆನಪಿರಬಹುದು. 2024ರ ಜುಲೈನಲ್ಲಿ ಶಿರಾಡಿಗೆ ಮತ್ತೆ ಅದೇ ಗತಿ. ಮಕ್ಕಳು ಮುದುಕರನ್ನು ಕರೆದುಕೊಂಡು ಆ ದಿನಗಳಲ್ಲಿ ಹೋಗುವುದು ಬೇಡವೇ ಬೇಡ. ಏಪ್ರಿಲ್ ಹೊತ್ತಿಗೆ ಹೊಳೆ ಬತ್ತಿ, ದೂರದ ಬೆಟ್ಟವೆಲ್ಲ ಮಬ್ಬಿನಲ್ಲಿ ಕರಗಿ ಹೋಗಿರುತ್ತದೆ. ನನ್ನ ಕೇಳಿದರೆ ಅಕ್ಟೋಬರ್ ಕೊನೆಯಿಂದ ಡಿಸೆಂಬರಿನವರೆಗೆ ಒಳ್ಳೆಯ ಕಾಲ. ಹೊಳೆಯಲ್ಲಿ ನೀರೂ ಇರುತ್ತದೆ, ಆಕಾಶವೂ ತಿಳಿಯಾಗಿರುತ್ತದೆ.

ಈಗ ನನ್ನ ದಡ್ಡತನ ಹೇಳುತ್ತೇನೆ. ಮೊದಲ ಸಲ ನಾನು ಮಾಡಿದ ಪಟ್ಟಿಯಲ್ಲಿ ಹನ್ನೊಂದು ಜಾಗ ಇದ್ದವು. ಸಕ್ರೆಬೈಲು, ಮಂಡಗದ್ದೆ, ಕವಲೇದುರ್ಗ, ಕುಪ್ಪಳಿ, ಕುಂದಾದ್ರಿ, ಜೋಗಿಗುಂಡಿ, ಒನಕೆ ಅಬ್ಬಿ, ಹೀಗೆ. ಸಂತೆಗೆ ಹೋಗುವವಳ ಚೀಟಿಯ ಹಾಗೆ ಬೆಳೆದಿತ್ತು. ಇವರು ಕನ್ನಡಕ ಏರಿಸಿಕೊಂಡು ಓದಿ, "ಇಷ್ಟಕ್ಕೆ ಒಂದು ವಾರ ರಜ ಹಾಕಬೇಕು ಕಣೆ" ಅಂದರು. ಆ ಮಟ್ಟಿಗೆ ಅವರ ಮಾತು ಸರಿ. ದಾರಿಯ ಲೆಕ್ಕವನ್ನು ಕಿಲೋಮೀಟರಿನಲ್ಲಿ ಹಾಕಬಾರದು, ಗಂಟೆಯಲ್ಲಿ ಹಾಕಬೇಕು. ಬಯಲುಸೀಮೆಯ ನೇರ ರಸ್ತೆಯಲ್ಲಿ ಗಂಟೆಗೆ 50–60 ಕಿಲೋಮೀಟರ್ ಹೋಗುತ್ತೀರಿ. ಮಲೆನಾಡಿನ ರಸ್ತೆಯಲ್ಲಿ 30 ಆದರೆ ಹೆಚ್ಚು, ಘಾಟಿಯಲ್ಲಿ ಇನ್ನೂ ಕಮ್ಮಿ. ಜೊತೆಗೆ ಪ್ರತಿ ನಿಲುಗಡೆಗೆ, ಹತ್ತು ನಿಮಿಷ ಅಂದುಕೊಂಡದ್ದಕ್ಕೆ, ಅರ್ಧ ಗಂಟೆ ಹಿಡಿಯಿರಿ. ಮುದುಕರು ಕಾರಿನಿಂದ ಇಳಿಯುವುದಕ್ಕೇ ಐದು ನಿಮಿಷ ಬೇಕು, ಹತ್ತುವುದಕ್ಕೆ ಇನ್ನೈದು. ಹಾಗೆ ಲೆಕ್ಕ ಹಾಕಿದಾಗ ದಿನಕ್ಕೆ ಮೂರು ಜಾಗ ಉಳಿದವು. ಮಂಡಿ ನೋವಿನವರಿಗೆ ಬೆಟ್ಟ, ಕೋಟೆ ಯಾಕೆ? ಕುಂದಾದ್ರಿ, ಕವಲೇದುರ್ಗ ಎರಡನ್ನೂ ಹೊಡೆದು ಹಾಕಿದೆ. ಹೊಡೆದು ಹಾಕುವಾಗ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಫೋನಿನ ಮಾತು ಕೇಳಿ ಕೆಟ್ಟದ್ದೂ ಉಂಟು. ಅದಕ್ಕೂ ಹಿಂದಿನ ವರ್ಷ ಹೊಸನಗರದ ಕಡೆ ಒಂದು ಮದುವೆಗೆ ಹೋಗುವಾಗ, ಆರು ಕಿಲೋಮೀಟರ್ ಉಳಿಯುತ್ತದೆ ಅಂತ ಅದು ತೋರಿಸಿದ ಒಳದಾರಿ ಹಿಡಿದೆವು. ಟಾರು ಹೋಗಿ ಜಲ್ಲಿ ಬಂತು, ಜಲ್ಲಿ ಹೋಗಿ ಮಣ್ಣು ಬಂತು. ಕೊನೆಗೆ ಒಂದು ಹಳ್ಳ, ಅದರ ಮೇಲೆ ಅಡಿಕೆ ಮರದ ಕಾಲುಸಂಕ! ಮನುಷ್ಯರು ದಾಟಬಹುದು, ಕಾರು ದಾಟುವುದು ಹೇಗೆ? ತಿರುಗಿಸಲೂ ಜಾಗವಿಲ್ಲ. ಹಿಂದಕ್ಕೆ ಹಿಂದಕ್ಕೆ ಬಂದು ಹೆದ್ದಾರಿ ಸೇರುವಷ್ಟರಲ್ಲಿ ಮುಹೂರ್ತ ಮುಗಿದು ಊಟದ ಪಂಕ್ತಿ ಕೂತಿತ್ತು. ಅಲ್ಲಿ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದ ಅಜ್ಜರೊಬ್ಬರು, "ವಾರಕ್ಕೊಂದು ಕಾರು ಬರ್ತದೆ ಹೀಗೆ" ಅಂತ ನಕ್ಕರು. ಆದ್ದರಿಂದ ಮ್ಯಾಪಿನಲ್ಲಿ ನೀವು ಹೋಗಬೇಕೆಂದಿರುವ ದಾರಿಯ ನಡುವಿನ ಊರುಗಳನ್ನು ಒಂದೊಂದಾಗಿ ಸೇರಿಸಿ. ಆಗ ಅದು ನಿಮ್ಮ ದಾರಿಯಲ್ಲೇ ನಡೆಸುತ್ತದೆ. ಘಾಟಿಗಳಲ್ಲಿ ಸಿಗ್ನಲ್ ಸಿಗುವುದಿಲ್ಲ, ಮನೆಯಲ್ಲಿರುವಾಗಲೇ ಆ ಪ್ರದೇಶದ ಮ್ಯಾಪನ್ನು ಫೋನಿಗೆ ಇಳಿಸಿಕೊಳ್ಳಿ. ಊರುಗಳ ಹೆಸರನ್ನು ಅನುಕ್ರಮವಾಗಿ ಒಂದು ಚೀಟಿಯಲ್ಲಿ ಬರೆದು ಗಾಡಿಯ ಮುಂದೆ ಸಿಕ್ಕಿಸಿ. ಹೊರಡುವ ಮುನ್ನಾದಿನ ಆ ಕಡೆಯ ನೆಂಟರಿಗೋ, ತಂಗುವ ಮನೆಯವರಿಗೋ ಫೋನ್ ಮಾಡಿ "ರಸ್ತೆ ಹೇಗಿದೆ?" ಅಂತ ಒಂದು ಮಾತು ಕೇಳಿ.

ಇನ್ನೊಂದು ವಿಷಯ. ಗಂಡಸರು ಬರೆಯುವ ಪ್ರವಾಸದ ಲೇಖನಗಳಲ್ಲಿ ಇದು ಇರುವುದಿಲ್ಲ, ನಾವೂ ನಾಚಿಕೊಂಡು ಹೇಳುವುದಿಲ್ಲ. ದಾರಿಯಲ್ಲಿ ಹೆಂಗಸರು ಬಾತ್‌ರೂಮಿಗೆ ಎಲ್ಲಿ ಹೋಗಬೇಕು? ಎಷ್ಟು ಜನ ಈ ಒಂದೇ ಭಯಕ್ಕೆ ಹೊರಡುವ ದಿನ ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ, ನೀವೇ ಹೇಳಿ! ಸಂಜೆಗೆ ತಲೆನೋವು, ಮರುದಿನ ಉರಿಮೂತ್ರ. ನಮ್ಮ ಅತ್ತೆಯಂತೂ ಐವತ್ತು ವರ್ಷ ಹೀಗೇ ಮಾಡಿದವರು. ನಾನು ಚೀಟಿಯಲ್ಲಿ ನೋಡುವ ಜಾಗಗಳಿಗಿಂತ ಮೊದಲು ಬರೆದದ್ದು ಇದನ್ನೇ. ಎರಡು ಗಂಟೆಗೆ ಒಂದು ಸಲ, ದೊಡ್ಡ ಪೆಟ್ರೋಲ್ ಬಂಕೋ, ಒಳ್ಳೆಯ ಹೋಟೆಲೋ ಇರುವ ಊರಿನಲ್ಲಿ, ಬೇಕಿರಲಿ ಬೇಡದಿರಲಿ, ಗಾಡಿ ನಿಲ್ಲಲೇಬೇಕು. ನಮ್ಮ ದಾರಿಯಲ್ಲಿ ಅದು ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಅಂತಾಯಿತು. ಇವರು, "ಈಗ ತಾನೇ ನಿಂತಿದ್ದೆವಲ್ಲ" ಅಂದರು. "ಚೀಟಿಯಲ್ಲಿದೆ" ಅಂದೆ. ಬರೆದಿಟ್ಟ ಚೀಟಿಗೆ ಇರುವ ಬೆಲೆ ಬಾಯಿಮಾತಿಗೆ ಇಲ್ಲ ನೋಡಿ. ಒಂದು ಸಾಬೂನು, ಒಂದು ಚೊಂಬು, ಹಳೆಯ ಟವೆಲ್ಲು ಬೇರೆ ಚೀಲದಲ್ಲಿ ಕೈಗೆ ಸಿಗುವಂತಿರಲಿ.

ವಾಂತಿಯ ಕಾಟ ಇರುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ನಮ್ಮಲ್ಲಿ ಮುಂದಿನ ಸೀಟು ಮನೆಯ ಗಂಡಸರಿಗೆ ಮೀಸಲು, ಈ ಪದ್ಧತಿ ಬಿಡಬೇಕು. ಕಿವಿಯೊಳಗಿನ ಸಮತೋಲದ ಭಾಗಕ್ಕೆ ದೇಹ ಓಲಾಡುವುದು ಗೊತ್ತಾಗುತ್ತದೆ. ಕಣ್ಣು ಮಾತ್ರ ಗಾಡಿಯ ಒಳಗನ್ನೇ ನೋಡುತ್ತಾ ಏನೂ ಅಲುಗುತ್ತಿಲ್ಲ ಅನ್ನುತ್ತದೆ. ಎರಡಕ್ಕೂ ಹೊಂದಿಕೆ ತಪ್ಪಿದಾಗ ಹೊಟ್ಟೆ ತೊಳಸುತ್ತದೆ. ಮುಂದೆ ಕೂತು ದೂರದ ರಸ್ತೆ ನೋಡುತ್ತಿದ್ದರೆ, ತಿರುವು ಬರುವ ಮೊದಲೇ ಕಣ್ಣಿಗೆ ಗೊತ್ತಾಗುವುದರಿಂದ ಅರ್ಧ ಕಾಟ ಹೋಗುತ್ತದೆ. ಅಂದರೆ, ಸೆರಗು ಹೊದ್ದು ಬಗ್ಗಿ ಕೂರುವುದು ತದ್ವಿರುದ್ಧದ ಔಷಧಿ! ಓದುವುದು, ಫೋನ್ ನೋಡುವುದು ಬೇಡ. ಕಿಟಕಿಯ ಗಾಜು ಸ್ವಲ್ಪ ಇಳಿಸಿ. ಗುಳಿಗೆ ಬೇಕೆಂದರೆ ಡಾಕ್ಟರರನ್ನು ಕೇಳಿಯೇ ತೆಗೆದುಕೊಳ್ಳಿ, ಅದನ್ನು ಹೊರಡುವುದಕ್ಕೆ ಮೊದಲೇ ನುಂಗಬೇಕು. ಆದರೆ ಅದರಿಂದ ನಿದ್ದೆ ಬರುತ್ತದೆ, ಘಾಟಿ ಪೂರಾ ಗೊರಕೆಯಲ್ಲಿ ಕಳೆದರೆ ಹೋಗಿದ್ದು ಯಾತಕ್ಕೆ? ಅತ್ತೆಗೆ ಗುಳಿಗೆ ಕೊಡಲಿಲ್ಲ. ಉಪ್ಪು ಸವರಿ ಒಣಗಿಸಿದ ಶುಂಠಿಯ ಚೂರು ಕೊಟ್ಟೆ, ಬಾಯಲ್ಲಿಟ್ಟುಕೊಂಡರು.

ಬುತ್ತಿಯ ವಿಷಯ ನಿಮಗೆ ನಾನು ಹೇಳಿಕೊಡಬೇಕೇ? ಆದರೂ ಎರಡು ಮಾತು. ಘಾಟಿ ಇಳಿಯುವ ಮುಂಚೆ ಪೂರಿ, ಬಜ್ಜಿ ಬೇಡ, ಖಾಲಿ ಹೊಟ್ಟೆಯೂ ಬೇಡ. ಮೊಸರನ್ನ ಹುಳಿಯಾಗದೆ ಇರಬೇಕಾದರೆ, ಅನ್ನ ಮೆತ್ತಗೆ ಮಾಡಿ, ಬಿಸಿ ಇರುವಾಗಲೇ ಕಾಯಿಸಿದ ಹಾಲು ಹಾಕಿ ಚೆನ್ನಾಗಿ ಹಿಚುಕಿ. ಎರಡು ಲೋಟ ಹಾಲಿಗೆ ಎರಡು ಚಮಚ ಮೊಸರು ಸಾಕು, ಅದನ್ನು ಉಗುರು ಬೆಚ್ಚಗಾದ ಮೇಲೆ ಬೆರೆಸಿ. ಉಪ್ಪು, ಸಾಸಿವೆ ಶುಂಠಿ ಒಗ್ಗರಣೆ. ಬೆಳಿಗ್ಗೆ ಆರಕ್ಕೆ ಕಲಸಿದ್ದು ಮಧ್ಯಾಹ್ನ ಒಂದಕ್ಕೆ ಹದವಾದ ಮೊಸರನ್ನ ಆಗಿರುತ್ತದೆ. ಚಪಾತಿ ಹಿಟ್ಟನ್ನು ನೀರಿಗೆ ಬದಲು ಹಾಲಿನಲ್ಲಿ ಕಲಸಿದರೆ ಸಂಜೆಯವರೆಗೆ ಮೆತ್ತಗಿರುತ್ತದೆ, ಜೊತೆಗೆ ಶೇಂಗಾ ಚಟ್ನಿಪುಡಿ. ತಿಂದ ಎಲೆ, ಕಾಗದ, ಬಾಟಲಿ ಎಲ್ಲಾ ಮನೆಗೇ ವಾಪಸು ತನ್ನಿ. ಕೋತಿಗಳಿಗೆ ಒಂದು ತುಣುಕೂ ಹಾಕಬೇಡಿ. ಆಗುಂಬೆಯ ತಿರುವುಗಳಲ್ಲಿ ಅವು ಕಾರಿನ ಹಾದಿ ಕಾಯುತ್ತಾ ರಸ್ತೆ ಮಧ್ಯೆ ಕೂರುವುದಕ್ಕೆ ನಮ್ಮ ಪುಣ್ಯದ ಕೈಗಳೇ ಕಾರಣ.

ಸರಿ, ಬೆಳಿಗ್ಗೆ ಏಳಕ್ಕೆ ಹೊರಟೆವು. ಸಕ್ರೆಬೈಲಿನ ಆನೆ ಬಿಡಾರ ಶಿವಮೊಗ್ಗ ದಾಟಿ 14 ಕಿಲೋಮೀಟರ್. ಅಲ್ಲಿಗೆ ಬೆಳಗಿನ ಹೊತ್ತಿನಲ್ಲೇ ಹೋಗಬೇಕು, ತಡವಾದರೆ ಸ್ನಾನ ಮುಗಿಸಿ ಆನೆಗಳು ಕಾಡಿಗೆ ಹೋಗಿಬಿಡುತ್ತವೆ. ಮಂಡಗದ್ದೆಯಲ್ಲಿ ಹೊಳೆಯ ನಡುವಿನ ಕುದುರಿನಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಸಾವಿರಗಟ್ಟಲೆ ಗೂಡು ಕಟ್ಟುತ್ತವೆ. ನಾವು ಹೋದಾಗ ಹೆಚ್ಚಿನವು ಹಾರಿಹೋಗಿದ್ದವು, ಕಾಫಿ ಕುಡಿದು ಹೊರಟೆವು. ತೀರ್ಥಹಳ್ಳಿಯಿಂದ ಮುಂದೆ ಗದ್ದೆ, ತೋಟ, ಕಾಡು, ಮತ್ತೆ ಗದ್ದೆ. ಆಗುಂಬೆಯಲ್ಲಿ ದೊಡ್ಡಮನೆ ಕಂಡಿತು, 1980ರ ದಶಕದಲ್ಲಿ ಶಂಕರ್‌ನಾಗ್ ಅವರು 'ಮಾಲ್ಗುಡಿ ಡೇಸ್' ಚಿತ್ರಿಸಿದ ಮನೆ. ಟಿವಿಯಲ್ಲಿ ನೋಡಿದ್ದ ಅತ್ತೆ, "ಇಷ್ಟೇಯಾ, ನಮ್ಮ ದೊಡ್ಡಪ್ಪನ ಮನೆ ಹಾಗೇ ಇತ್ತಲ್ಲ" ಅಂದರು.

ಇಲ್ಲಿ ಒಂದು ತೀರ್ಮಾನ ಮಾಡಬೇಕಾಯಿತು. ಆಗುಂಬೆ ಅಂದರೆ ಎಲ್ಲರಿಗೂ ಸೂರ್ಯಾಸ್ತ. ಅದಕ್ಕೆ ಕಾದರೆ ಆರು ಗಂಟೆ, ಆಮೇಲೆ ಕತ್ತಲಲ್ಲಿ ಘಾಟಿ ಇಳಿಯಬೇಕು. ಇವರಿಗೆ ಸೂರ್ಯಾಸ್ತದ ಆಸೆ. ನನಗೆ ಅತ್ತೆ ಬೆಳಕಿನಲ್ಲಿ ಘಾಟಿ ನೋಡಬೇಕೆಂಬ ಹಟ. ಚೀಟಿಯೇ ಗೆದ್ದಿತು. ನಿಮಗೆ ಎರಡೂ ಬೇಕಾದರೆ ಅಂದು ರಾತ್ರಿ ಆಗುಂಬೆಯಲ್ಲೇ ಉಳಿದು ಬೆಳಿಗ್ಗೆ ಇಳಿಯಿರಿ. ಕತ್ತಲಲ್ಲಿ, ಮಂಜಿನಲ್ಲಿ ಮಾತ್ರ ಇಳಿಯುವ ಸಾಹಸ ಬೇಡ. ಗಾಡಿ ಓಡಿಸುವವರಿಗೆ ನೆನಪು ಮಾಡಿ: ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು. ಪೆಟ್ರೋಲ್ ಉಳಿಯುತ್ತದೆ ಅಂತ ನ್ಯೂಟ್ರಲ್ಲಿಗೆ ಹಾಕಿ ಬ್ರೇಕನ್ನೇ ನಂಬಿದರೆ ಬ್ರೇಕು ಕಾದು ಹಿಡಿಯದೆ ಹೋಗುತ್ತದೆ. ಏರಿ ಬರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು. ತಿರುವಿನಲ್ಲಿ ಹಾರನ್ನು. ಫೋಟೋಕ್ಕೆಂದು ತಿರುವಿನಲ್ಲಿ ನಿಲ್ಲಿಸುವುದಂತೂ ಮಹಾ ಅಪಾಯ. ನೋಡುವುದಕ್ಕೆ ಕಟ್ಟೆ ಕಟ್ಟಿದ ಜಾಗವಿದೆ, ಅಲ್ಲೇ ನಿಲ್ಲಿಸಿ.

ಅಲ್ಲಿ ನಿಲ್ಲಿಸಿದೆವು. ಮೂರು ಗಂಟೆಯ ಬಿಸಿಲು. ಸಮುದ್ರ ಕಾಣಲಿಲ್ಲ, ದೂರದಲ್ಲಿ ಸ್ವಲ್ಪ ಮಬ್ಬಿತ್ತು. ಆದರೆ ಕೆಳಗೆ ಕರಾವಳಿಯ ನೆಲವೆಲ್ಲ ಹಸಿರು ಚಾಪೆ ಹಾಸಿದ ಹಾಗೆ ಹರಡಿತ್ತು. ಅತ್ತೆ ಕಬ್ಬಿಣದ ಸರಳು ಹಿಡಿದು ಬಹಳ ಹೊತ್ತು ನಿಂತರು. "ಹೆಬ್ರಿ ಯಾವ ಬದಿಗೆ?" ಅಂತ ಕೇಳಿದರು. ಇವರು ಕೈ ತೋರಿಸಿದರು. "ಅದಾ? ಅಷ್ಟು ಹತ್ತಿರವಾ ಮಗಾ?" ಅಂದರು.

ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಮದುವೆಯಾದ ಹೊಸತರಲ್ಲಿ, ತೌರು ಘಟ್ಟದ ಕೆಳಗೆ ಎಲ್ಲೋ ಬಹಳ ದೂರದಲ್ಲಿದೆ ಅಂತ ರಾತ್ರಿ ಅಳುತ್ತಿದ್ದರಂತೆ. ಆಗುಂಬೆವರೆಗೆ ಬಂದಾಗಲೂ ಇನ್ನೂ ಅರ್ಧ ದಾರಿ ಇದೆ ಅಂದುಕೊಂಡು ಸೆರಗು ಮುಚ್ಚುತ್ತಿದ್ದರು. ಇಳಿಯುವಾಗ ಮುಂದಿನ ಸೀಟಿನಲ್ಲಿ ಕೂತು ತಿರುವುಗಳನ್ನು ಬೆರಳು ಮಡಚಿ ಎಣಿಸಿದರು. ಹದಿನಾಲ್ಕಕ್ಕೆ ಬೆರಳು ಸಾಲದೆ ನನ್ನ ಕೈ ಕೇಳಿದರು. ನಡುವೆ ಒಂದು ಕಡೆ ಮಾತ್ರ ನಿಂಬೆಹಣ್ಣು ಮೂಸಿದರು. ವಾಂತಿ ಆಗಲಿಲ್ಲ.

ಮರುದಿನದ ದಾರಿ ನಾನು ಹಾಕಿದ್ದು ಹೆಬ್ರಿ, ಉಡುಪಿ, ಕುಂದಾಪುರ ಅಂತ. ಬೆಳಿಗ್ಗೆ ಕಾಫಿಗೆ ಕೂತಾಗ ಅತ್ತೆ, "ಉಡುಪಿ ಕೃಷ್ಣನ್ನ ಬೇಕಾದಷ್ಟು ಸಲ ಕಂಡಿದ್ದೇನೆ, ಹಾಲಾಡಿ ಮೇಲೆ ಹೋಪ" ಅಂದರು. ಫೋನ್ ಇದನ್ನು ತಾನಾಗಿ ತೋರಿಸಿರಲಿಲ್ಲ. ಬೆಳ್ವೆ, ಹಾಲಾಡಿ ಮೇಲೆ ಕುಂದಾಪುರಕ್ಕೆ ಹೋಗುವ ಒಳರಸ್ತೆ ಅದು. ನಾಲ್ಕು ಲೇನಿನ ಹೆದ್ದಾರಿಯಲ್ಲಿ ಹೋಗಿದ್ದರೆ ಕಂಡದ್ದು ಲಾರಿ, ಟೋಲು, ಮೇಲ್ಸೇತುವೆ. ಇಲ್ಲಿ ಭತ್ತದ ಕೊಯ್ಲು, ಅಂಗಳದಲ್ಲಿ ಹುಲ್ಲಿನ ಕುತ್ತರಿ, ಯಕ್ಷಗಾನದ ಬ್ಯಾನರುಗಳು, ದಾರಿಯಲ್ಲಿ ಅತ್ತೆಗೆ ಗುರುತು ಸಿಕ್ಕಿದ ಮೂರು ಮನೆ. ಒಂದು ಮನೆಯಲ್ಲಿ ಎಳನೀರು ಕುಡಿಯದೆ ಬಿಡಲಿಲ್ಲ. ದಾರಿ ಹಾಕುವಾಗ ಮನೆಯ ಹಿರಿಯರನ್ನು ಮೊದಲೇ ಕೇಳಬೇಕಿತ್ತು, ನನಗೆ ಆ ಬುದ್ಧಿ ಬರಲಿಲ್ಲ.

ಮರವಂತೆಯಲ್ಲಿ ಗಾಡಿಯನ್ನು ಹೆದ್ದಾರಿಯಿಂದ ಪೂರ್ತಿ ಪಕ್ಕಕ್ಕೆ ಇಳಿಸಿ ನಿಲ್ಲಿಸಿ, ಮಕ್ಕಳ ಕೈ ಬಿಡಬೇಡಿ, ಅಲ್ಲಿ ವಾಹನಗಳು ಬಾಣದ ಹಾಗೆ ಹೋಗುತ್ತವೆ. ನೀರಿಗಿಳಿಯುವುದೂ ಬೇಡ, ಸೆಳೆತ ಜಾಸ್ತಿ. ಸೌಪರ್ಣಿಕೆ ಸಮುದ್ರದ ಇಷ್ಟು ಹತ್ತಿರ ಬಂದೂ ಅಲ್ಲಿ ಸೇರುವುದಿಲ್ಲ. ಪಕ್ಕದಲ್ಲೇ ದಕ್ಷಿಣಕ್ಕೆ ಹರಿದು ಗಂಗೊಳ್ಳಿಯ ಹತ್ತಿರ ಬೇರೆ ಹೊಳೆಗಳ ಜೊತೆ ಕೂಡಿ ಸಮುದ್ರಕ್ಕೆ ಹೋಗುತ್ತದೆ. ಅತ್ತೆ ಒಂದು ಕಡೆ ತಿರುಗಿ ಅಲೆ ನೋಡುವುದು, ಇನ್ನೊಂದು ಕಡೆ ತಿರುಗಿ ನಿಂತ ನೀರಿನಂಥ ಹೊಳೆ ನೋಡುವುದು. ಅದೇ ಸೌಪರ್ಣಿಕೆ ಸಂಜೆ ಕೊಲ್ಲೂರಿನಲ್ಲಿ ಮತ್ತೆ ಸಿಕ್ಕಿತು, ಕಲ್ಲಿನ ನಡುವಿನ ಸಣ್ಣ ಹೊಳೆಯಾಗಿ. ಅದು ಹುಟ್ಟುವುದೇ ಕೊಡಚಾದ್ರಿಯಲ್ಲಿ. ಒಂದು ಹೊಳೆಯನ್ನು ಹಿಡಿದು ಮೇಲಕ್ಕೆ ಹೋಗುವುದು ದಾರಿ ಹಾಕುವ ಒಳ್ಳೆಯ ಉಪಾಯ.

ಕೊಲ್ಲೂರಿನಲ್ಲಿ ರಾತ್ರಿ ಉಳಿದೆವು. ರಜದ ದಿನಗಳಲ್ಲಿ ಅಲ್ಲಿ ರೂಮು ಸಿಗುವುದು ಕಷ್ಟ, ಮುಂಚೆಯೇ ಹೇಳಿಡಿ. ಮೂರನೆಯ ದಿನ ನಾಗೋಡಿ ಘಾಟಿ ಹತ್ತಿ ನಿಟ್ಟೂರು, ನಗರ, ಹೊಸನಗರದ ಮೇಲೆ ವಾಪಸು. ನಾಗೋಡಿ ಆಗುಂಬೆಯಷ್ಟು ಕಡಿದಲ್ಲ, ಕಾಡು ಮಾತ್ರ ಬಹಳ ದಟ್ಟ. ಕೊಡಚಾದ್ರಿಯ ಜೀಪು ದಾರಿ ಎಲುಬು ಎಣಿಸುವಂಥದು, ಬೆನ್ನು ಮಂಡಿ ನೋವಿನವರು ಆ ಕಡೆ ತಲೆ ಹಾಕಬೇಡಿ. ನಗರದ ಕೋಟೆ ರಸ್ತೆ ಪಕ್ಕದಲ್ಲೇ ಇದೆ, ಕೆಳದಿಯ ಶಿವಪ್ಪನಾಯಕನ ಬಿದನೂರು ಅದೇ. 1763ರಲ್ಲಿ ಹೈದರಾಲಿ ಗೆದ್ದುಕೊಂಡು ಹೈದರ್‌ನಗರ ಎಂದು ಹೆಸರಿಟ್ಟ, ಈಗ ಬರೀ ನಗರ. ಹೊಸದೊಂದು ದಾರಿಯೂ ಈಗ ಆಗಿದೆ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಿಂದ ದ್ವೀಪದಂತಾಗಿದ್ದ ತುಮರಿ, ಸಿಗಂದೂರು ಕಡೆಗೆ 2025ರ ಜುಲೈನಲ್ಲಿ ಸೇತುವೆ ತೆರೆಯಿತು. ಕೊಲ್ಲೂರಿನಿಂದ ಆ ಕಡೆ ಬಂದು ಹಿನ್ನೀರನ್ನು ದಾಟಿ ಸಾಗರಕ್ಕೆ ಹೋಗಬಹುದು. ಮೊದಲು ಲಾಂಚಿಗಾಗಿ ಸಾಲು ನಿಲ್ಲಬೇಕಿತ್ತು. ಬಸುರಿಯರನ್ನು, ರೋಗಿಗಳನ್ನು ಆ ಲಾಂಚಿನಲ್ಲೇ ದಾಟಿಸುತ್ತಿದ್ದ ಆ ಊರಿನವರಿಗೆ ಸೇತುವೆ ಅಂದರೆ ಏನು ಅಂತ ನಾವು ಊಹಿಸಲಾರೆವು. ಅಲ್ಲಿ ನಿಂತು ಫೋಟೋ ತೆಗೆಯುವಾಗ ಅವರ ದಾರಿಗೆ ಅಡ್ಡ ನಿಲ್ಲಬೇಡಿ.

ಖರ್ಚಿನ ಮಾತು. ಭದ್ರಾವತಿಯಿಂದ ಭದ್ರಾವತಿಗೆ ಈ ಸುತ್ತು 400 ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಲೀಟರಿಗೆ 15 ಕಿಲೋಮೀಟರ್ ಹಿಡಿದರೆ 27 ಲೀಟರ್ ಪೆಟ್ರೋಲ್, ಘಾಟಿಗೆಂದು ಇನ್ನು ಮೂರು ಲೀಟರ್ ಸೇರಿಸಿ. ಶಿವಮೊಗ್ಗದಲ್ಲೋ ತೀರ್ಥಹಳ್ಳಿಯಲ್ಲೋ ಟ್ಯಾಂಕು ತುಂಬಿಸಿಬಿಡಿ. ಒಂದು ರಾತ್ರಿ ನೆಂಟರ ಮನೆ, ಒಂದು ರಾತ್ರಿ ರೂಮು. ಬುತ್ತಿ ಇದ್ದುದರಿಂದ ಹೋಟೆಲಿನ ಖರ್ಚು ಅರ್ಧ. ಕಾರಿಲ್ಲದವರು ಬೇಸರ ಪಡಬೇಡಿ. ಶಿವಮೊಗ್ಗ, ತೀರ್ಥಹಳ್ಳಿಯಿಂದ ಆಗುಂಬೆ ಮೇಲೆ ಉಡುಪಿಗೆ ಖಾಸಗಿಯವರ ಸಣ್ಣ ಬಸ್ಸುಗಳು ಓಡುತ್ತವೆ. ಬೆಳಗಿನ ಬಸ್ಸು ಹಿಡಿದು ಮುಂದಿನ ಸಾಲಿನ ಕಿಟಕಿ ಸೀಟು ಕೇಳಿ. ರಾಜ್ಯದ ಸಾರಿಗೆ ಬಸ್ಸುಗಳಲ್ಲಿ 2023ರ ಜೂನಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಬಂದದ್ದು ನಿಮಗೆ ಗೊತ್ತೇ ಇದೆ. ಖಾಸಗಿ ಬಸ್ಸಿಗೆ ಅದಿಲ್ಲ, ಚಿಲ್ಲರೆ ಇಟ್ಟುಕೊಳ್ಳಿ.

ಹರಿಹರದ ಸೋದರಿಗೆ: ನೀವು ಹೊನ್ನಾಳಿ ಮೇಲೆ ಶಿವಮೊಗ್ಗಕ್ಕೆ ಬಂದು ಇದೇ ಸುತ್ತು ಹಿಡಿಯಬಹುದು. ನಿಮಗೆ ಒಂದು ದಿನ ಹೆಚ್ಚು ಬೇಕು. ಯಜಮಾನರು ಧರ್ಮಸ್ಥಳವೇ ಆಗಬೇಕು ಅಂದರೆ ಅದೂ ಸರಿ, ಹೋಗುವಾಗ ಚಾರ್ಮಾಡಿ, ಬರುವಾಗ ಆಗುಂಬೆ ಅಂತ ಚೀಟಿ ಬರೆದಿಡಿ. ಜಗಳವಿಲ್ಲದೆ ಎರಡು ಘಾಟಿ ಸಿಕ್ಕಿತು.

ನಮ್ಮ ಅತ್ತೆ ಈಗ ದೇವಿಮನೆ ಘಾಟಿ ಹೇಗಿದೆಯಂತೆ ಅಂತ ಬಂದವರನ್ನೆಲ್ಲ ವಿಚಾರಿಸುತ್ತಿದ್ದಾರೆ. ಮೊನ್ನೆ ಇವರು ನಕಾಶೆ ಮಡಚಿ ಕಪಾಟಿನಲ್ಲಿ ಇಟ್ಟಿದ್ದರು, ಮತ್ತೆ ಊಟದ ಮೇಜಿನ ಮೇಲೆ ಬಂದಿದೆ, ಅದರ ಮೇಲೆ ಅತ್ತೆಯ ಕನ್ನಡಕ.

ಶುಂಠಿಯನ್ನು ಉಪ್ಪು ನಿಂಬೆರಸದಲ್ಲಿ ನೆನೆಸಿ ಒಣಗಿಸುವ ಕ್ರಮವನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.